ರಾಕೆಟ್ಟಿನ ಹೊಗೆಗಂಡಿ ಮತ್ತು ರುದ್ರಪ್ಪ ಮಿಸ್ತ್ರಿ

ವಿಲಾಯಿತಿಗೆ ಹೋಗಿ ಬಂದವರೆಲ್ಲ ಅಲ್ಲಿಯ ರಸ್ತೆ ಎಷ್ಟು ಚೊಕ್ಕಟ, ಅಲ್ಲಿಯ ಜನ ಎಷ್ಟು ಶಿಸ್ತಿನವರು ಎಂದು ಬರೆದು ನಮ್ಮ ಹೊಟ್ಟೆ ಉರಿಸಿದ್ದಾರೆ. ನಾನೂ ಹೋಗಿ ಬಂದೆ. ನಾನು ಕಂಡದ್ದು ಹೆಚ್ಚಾಗಿ ಹೊಗೆ. ಹೊಗೆಯನ್ನು ಎಲ್ಲಿಗೆ ಕಳಿಸಬೇಕೆಂದು ತಿಳಿಯದೆ ತಲೆ ಕೆಡಿಸಿಕೊಂಡ ಜನರನ್ನೂ ಕಂಡೆ.

ದಾಂಡೇಲಿ ಸ್ಟೇಶನ್

ದಾಂಡೇಲಿಯ ಕಾಗದದ ಕಾರಖಾನೆಯಲ್ಲಿ ನಾನು ಬಾಯ್ಲರ್ ವಿಭಾಗದ ಎಂಜಿನಿಯರ್. ಹೊಸ ಬಾಯ್ಲರಿನ ಹೊಗೆ ಸಾಗಿಸುವ ದೊಡ್ಡ ಕೊಳವೆಗಳನ್ನು ಇಂಗ್ಲೆಂಡಿನ ಒಂದು ಕಂಪನಿಗೆ ಹೇಳಿ ಮಾಡಿಸುತ್ತಿದ್ದರು. ಕೊಳವೆ ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಆದ್ದರಿಂದ ನಡುನಡುವೆ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಜೋಡಣೆ ಬೇಕು. ಅದನ್ನು ಕೂಡಿಸುವುದನ್ನು ಕಲಿತು ಬರಲೆಂದು ನನ್ನನ್ನೂ ರುದ್ರಪ್ಪ ಮಿಸ್ತ್ರಿಯನ್ನೂ ಕಳಿಸಿದರು.

ರುದ್ರಪ್ಪ ಹಳಿಯಾಳದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಪ್ರವಾಸಕ್ಕೆಂದು ಹಳಿಯಾಳದ ಸಿಂಪಿಗನ ಹತ್ತಿರ ಕೋಟು ಹೊಲಿಸಿದ್ದರು. ಆ ಸಿಂಪಿಗ ಅಲ್ಲಿಯವರೆಗೆ ಹೊಲಿದಿದ್ದ ಕೋಟುಗಳೆಂದರೆ ಮದುವೆಯ ಬ್ಯಾಂಡಿನವರವು ಮಾತ್ರ. ಹೀಗಾಗಿ ರುದ್ರಪ್ಪ ಸ್ಟೇಶನ್ನಿಗೆ ಬಂದಾಗ, ಹಿಂದೆ ಕುದುರೆಯ ಮೇಲೆ ಮದುಮಗ ಬರುತ್ತಿರಬೇಕೆಂದು ಜನ ತಿರುಗಿ ನೋಡಿದರು.

ಅವರ ಹೆಂಡತಿ ನಿಂಗವ್ವ ರೊಟ್ಟಿಯ ಗಂಟು, ಚಟ್ನಿಪುಡಿ ಎಲ್ಲ ಕೊಟ್ಟು, ಕೊನೆಗೆ ತನ್ನ ತವರಿನ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಗಂಡನ ಕೋಟಿನ ಕಿಸೆಗೆ ಹಾಕಿದಳು. ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುವ ಮೊದಲು ಆ ಡಬ್ಬಿಯನ್ನು ಎಲ್ಲಿಯಾದರೂ ಟಕ್ ಟಕ್ ಎಂದು ಕುಟ್ಟುವುದು ಮಿಸ್ತ್ರಿಯ ಚಾಳಿ. ಕಾರಖಾನೆಯ ಗದ್ದಲದಲ್ಲೂ ಆ ಸಪ್ಪಳ ಕೇಳಿ ಅವರು ಎಲ್ಲಿದ್ದಾರೆಂದು ಹುಡುಕಬಹುದಿತ್ತು.

ಗಾಡಿ ಸೀಟಿ ಹಾಕಿತು. ನಾನು ಕಿಟಕಿಯಿಂದ ಕೈ ಬೀಸಿ, "ಹೋಗ್ತೇವಿ ನಿಂಗವ್ವ" ಎಂದೆ.

ಅವಳು ಹೌಹಾರಿದಳು. "ಸಾಹೇಬ್ರ, ಹಂಗ ಅನಬ್ಯಾಡ್ರಿ! ಬರ್ತೇವಿ ಅನ್ರಿ. ಹೋಗ್ತೇನಿ ಅಂತ ಹೇಳಿ ಹೋಗೋರು ತಿರುಗಿ ಬರೂದಿಲ್ಲ."

"ಹೋಗದ ಬರೂದ ಹೆಂಗ?" ಎಂದೆ ನಾನು. ಕಾಲೇಜು ಕಲಿತವನ ಜಾಣತನ ಅದು.

"ಅದೆಲ್ಲಾ ನನಗ ತಿಳಿಯಂಗಿಲ್ರಿ. ಇವರನ್ನ ನಿಮ್ಮ ಕೈಯಾಗ ಕೊಟ್ಟೇನಿ. ಕರಕೊಂಡ ಬರ್ರಿ." ಅವಳ ಕಣ್ಣು ತುಂಬಿದ್ದವು. ಮಿಸ್ತ್ರಿ ಗಂಭೀರವಾಗಿ "ಬರ್ತೇನಿ" ಎಂದರು. ಗಾಡಿ ಹೊರಟಿತು.

ಹಡಗಿನಲ್ಲಿ

ಹಡಗಿನ ಪ್ರಯಾಣವನ್ನು ಸುಖವೆಂದು ಹೊಗಳುವವರ ಮೇಲೆ ನನಗೆ ವಿಶ್ವಾಸ ಹೋಗಿದೆ. ಮುಂಬಯಿ ಬಿಟ್ಟ ಮೇಲೆ ನಾನು ತಿಂದದ್ದಕ್ಕಿಂತ ಕಕ್ಕಿದ್ದೇ ಹೆಚ್ಚು. ಸಸ್ಯಾಹಾರಿ ಎಂದು ಹೇಳಿದ್ದಕ್ಕೆ ಬೇಯಿಸಿದ ಕೋಸನ್ನು ತಂದಿಟ್ಟರು. ಮರುದಿನವೂ ಅದನ್ನೇ ಇಟ್ಟರು. ಸೂಯೆಜ್ ದಾಟುವ ಹೊತ್ತಿಗೆ ನನಗೆ ಕೋಸು ಬೆಳೆಯುವ ರೈತರ ಮೇಲೆಯೇ ಸಿಟ್ಟು ಬರತೊಡಗಿತ್ತು. ಮಿಸ್ತ್ರಿ ಮಾತ್ರ ಒಣ ರೊಟ್ಟಿ ಮುರಿದುಕೊಂಡು ಆರಾಮವಾಗಿ ಇಂಗ್ಲಿಷ್ ಕಲಿಯುತ್ತಿದ್ದರು.

"ಸಾಹೇಬ್ರ, ಬರ್ತೇನಿ ಅನ್ನೂದಕ್ಕ ಅವರ ಭಾಷಾದಾಗ ಏನಂತಾರ?"

"ಆಯ್ ಆ್ಯಮ್ ಗೋಯಿಂಗ್."

"ಹಂಗಂದ್ರ?"

"ಹೋಗ್ತೇನಿ ಅಂತ."

"ಅಯ್ಯಯ್ಯೋ!" ಮಿಸ್ತ್ರಿ ಎರಡೂ ಕೆನ್ನೆ ಬಡಿದುಕೊಂಡರು. "ಇಷ್ಟ ದೊಡ್ಡ ರಾಜ್ಯಾ ಆಳಿದ ಮಂದಿ, ಮನಿ ಬಿಡೂಮುಂದ ಇಂಥಾ ಅಪಶಕುನದ ಮಾತ ಆಡತಾರ? ಅದಕ್ಕ ರಾಜ್ಯಾ ಹೋತ ನೋಡ್ರಿ. ನನಗ ಬರ್ತೇನಿ ಅನ್ನೂದನ್ನ ಕಲಸ್ರಿ."

"ಆಯ್ ಆ್ಯಮ್ ಕಮಿಂಗ್" ಎಂದು ಹೇಳಿಕೊಟ್ಟೆ. ಆ ಹೊತ್ತಿಗೆ ನನ್ನ ಹೊಟ್ಟೆಯೊಳಗಿನ ಕೋಸು ಮೇಲೆ ಬರುವ ತಯಾರಿಯಲ್ಲಿತ್ತು, ವ್ಯಾಕರಣ ಬಿಡಿಸಿ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಿಸ್ತ್ರಿ ಆ ಮಾತನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದರು.

ಮನೆಯೊಡತಿ

ಕೊಳವೆ ಮಾಡುವ ಕಂಪನಿಗೆ ಹೋದರೆ, ಕಲಿಸಬೇಕಾದ ಫಿಟರುಗಳೆಲ್ಲ ಬೇರೆ ಕಡೆ ಹೋಗಿದ್ದಾರೆಂದು ತಿಳಿಯಿತು. ನೌಕಾದಳದ ಏನೋ ಕೆಲಸವಂತೆ, ಅಲ್ಲಿಯೂ ಇದೇ ಜೋಡಣೆಯಂತೆ, ನೀವೂ ಅಲ್ಲಿಗೇ ಹೋಗಿ ಕಲಿಯಿರಿ ಎಂದರು. ಹೀಗೆ ಕಡಲ ತಡಿಯ ಒಂದು ಸಣ್ಣ ಊರಿಗೆ ಬಂದು ಬಿದ್ದೆವು. ಅಲ್ಲಿ ಮಳೆ ಬೀಳುವುದಿಲ್ಲ, ನಿಲ್ಲುವುದೂ ಇಲ್ಲ. ಗಾಳಿಯಲ್ಲಿ ಒದ್ದೆ ಪಂಚೆ ಹಾರಾಡುತ್ತಿದ್ದ ಹಾಗೆ ಸದಾ ಮುಖಕ್ಕೆ ತಾಗುತ್ತದೆ. ಅದಕ್ಕೆ ಅಲ್ಲಿಯವರು "ಒಳ್ಳೆಯ ದಿನ" ಎನ್ನುತ್ತಾರೆ.

ನಾವು ಇಳಿದುಕೊಂಡದ್ದು ಒಬ್ಬ ವಿಧವೆಯ ಮನೆಯಲ್ಲಿ. ಕೋಣೆಯಲ್ಲಿ ಗೋಡೆಗೊಂದು ಒಲೆ, ಅದರ ಮೇಲೆ ಚಿಮಣಿ. ಕಲ್ಲಿದ್ದಲು ಹಾಕಿದರೆ ಬೆಂಕಿಯ ಕಾವು ಚಿಮಣಿಯಿಂದ ಹೊರಗೆ ಹೋಗುತ್ತಿತ್ತು, ಹೊಗೆ ಕೋಣೆಯೊಳಗೆ ಬರುತ್ತಿತ್ತು. ಕೇಳಿದರೆ, "ಪಶ್ಚಿಮದ ಗಾಳಿ ಇದ್ದಾಗ ಚಿಮಣಿಗೆ ಮನಸ್ಸಿರುವುದಿಲ್ಲ" ಎಂದಳು ಮನೆಯೊಡತಿ. ನಾವಿದ್ದಷ್ಟು ಕಾಲ ಪಶ್ಚಿಮದ ಗಾಳಿಯೇ ಇತ್ತು. ಕಿಟಕಿ ತೆಗೆದರೆ ಅವಳು ಬಂದು ಹಾಕುತ್ತಿದ್ದಳು, ತಣ್ಣನೆಯ ಗಾಳಿ ಪ್ರಾಣಕ್ಕೆ ಕೆಟ್ಟದ್ದೆಂದು. ಹೊಗೆ ಪ್ರಾಣಕ್ಕೆ ಒಳ್ಳೆಯದಿರಬೇಕು.

ಕ್ಯಾಸಲ್‌ರಾಕಿನ ಘಟ್ಟದಲ್ಲಿ ಗಾಡಿ ಸುರಂಗ ಹೊಗುವ ಮೊದಲು ಮೂರನೆಯ ದರ್ಜೆಯ ಮುದುಕಿ ಕೂಡ ಕಿಟಕಿಯ ಕದ ಇಳಿಸುತ್ತಾಳೆ, ಹೊರಬಿದ್ದ ಕೂಡಲೇ ಏರಿಸುತ್ತಾಳೆ. ಹೊಗೆಗೆ ಬರುವ ದಾರಿ ಮುಚ್ಚಬೇಕು, ಹೋಗುವ ದಾರಿ ತೆರೆಯಬೇಕು. ಇಷ್ಟು ಸರಳವಾದ ಸಂಗತಿ ಈ ಜನಕ್ಕೆ ಒಲೆಯ ಮುಂದೆ ತಿಳಿದಿರಲಿಲ್ಲ.

ದಿನಾ ಬೆಳಿಗ್ಗೆ ಮಿಸ್ತ್ರಿ ಬಾಗಿಲ ಹೊರಗೆ ನಿಂತು ಕೈ ಮುಗಿದು "ಆಯ್ ಕಮಿಂಗ್" ಎನ್ನುತ್ತಿದ್ದರು. ಹಾಕಿದ ಬಾಗಿಲನ್ನು ಮನೆಯೊಡತಿ ಮತ್ತೆ ತೆಗೆದು, ಒಳಗೆ ಬರುತ್ತಾರೆಂದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಇವರು ಬೆನ್ನು ತಿರುಗಿಸಿ ನಡೆದುಬಿಡುತ್ತಿದ್ದರು. ನಮ್ಮ ಮಿಸ್ತ್ರಿಗೆ ತಲೆ ಸ್ವಲ್ಪ ಸಡಿಲವೆಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು.

ಗುಟ್ಟಿನ ಜಾಗ

ಕೆಲಸದ ಜಾಗ ಊರ ಹೊರಗೆ, ಸಮುದ್ರದ ದಂಡೆಗೆ ಇತ್ತು. ಹೆಜ್ಜೆಹೆಜ್ಜೆಗೂ "ಗುಟ್ಟು, ಒಳಗೆ ಬರಬೇಡಿ" ಎಂಬ ಹಲಗೆಗಳು. ತೋಳಿಗೆ ಜರಿಪಟ್ಟಿ ಸುತ್ತಿಕೊಂಡ ನೌಕಾದಳದ ಒಬ್ಬ ಅಧಿಕಾರಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದ. ಮಿಸ್ತ್ರಿಯ ಬ್ಯಾಂಡಿನ ಕೋಟಿನ ಮೇಲೆ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಇವರಿಗೆ ಇಲ್ಲಿಯದೇನೂ ತಿಳಿಯಲಾರದೆಂದು ಅವನಿಗೆ ಖಾತ್ರಿಯಾಗಿ, ಒಳಗೆ ಬಿಟ್ಟ. ಪಾಸು, ಚೀಟಿ ಯಾವುದೂ ಬೇಕಾಗಲಿಲ್ಲ, ನಮ್ಮ ಬಗೆಗಿದ್ದ ಅವನ ಅಭಿಪ್ರಾಯವೇ ಸಾಕಾಯಿತು.

ಒಳಗಿದ್ದದ್ದು ಏನೆಂದರೆ, ಯುದ್ಧದ ಹಡಗಿನ ಒಂದು ತುಂಡನ್ನು ಕೊಯ್ದು ನೆಲದ ಮೇಲೆ ಇಟ್ಟಂಥ ಕಬ್ಬಿಣದ ಮನೆ. ಇವರ ಹೊಸ ಹಡಗುಗಳಲ್ಲಿ ರಾಕೆಟ್ಟಿನ ಬಾಣಗಳನ್ನು ಡೆಕ್ ಎಂಬ ಮೇಲಟ್ಟದ ಕೆಳಗೆ ಸಾಲಾಗಿ ನಿಲ್ಲಿಸಿ ಇಡುತ್ತಾರಂತೆ. ಶತ್ರು ಬಂದಾಗ ಒಂದೊಂದನ್ನೇ ಮೇಲಕ್ಕೆ ಎತ್ತಿ ಹಾರಿಸುವುದು. ಆದರೆ ಶತ್ರು ಬರುವ ಮೊದಲೇ, ನಿಂತಲ್ಲೇ ಒಂದಕ್ಕೆ ಹೇಗೋ ಬೆಂಕಿ ಹತ್ತಿದರೆ? ಅದರ ಬಾಲದಿಂದ ಹೊರಡುವ ಉರಿಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಪಕ್ಕದ ಬಾಣಗಳಿಗೂ ಹತ್ತಿ, ಹಡಗು ತನ್ನ ಹೊಟ್ಟೆಯಿಂದಲೇ ಒಡೆದುಹೋಗುತ್ತದೆ. ಅದಕ್ಕೆ ಪ್ರತಿ ಬಾಣದ ಬಾಲದ ಕೆಳಗೆ ಒಂದು ಬಾಯಿ. ಆ ಬಾಯಿಗಳೆಲ್ಲ ತಳದ ಒಂದೇ ಕೋಣೆಗೆ ತೆರೆಯುತ್ತವೆ. ಪಕ್ಕದ ಬಾಯಿಯಿಂದ ಉರಿ ತಿರುಗಿ ಮೇಲೇರದ ಹಾಗೆ ಒಂದೊಂದಕ್ಕೂ ಕದ. ಕೋಣೆಯಿಂದ ಒಂದು ದೊಡ್ಡ ಕೊಳವೆ ಹಡಗಿನ ಅಟ್ಟದವರೆಗೆ ಹೋಗುತ್ತದೆ. ಅದರ ತುದಿಗೆ ಒಂದು ಮುಚ್ಚಳ. ಸಮುದ್ರದ ನೀರು ಒಳಗೆ ಬರಬಾರದು, ಉರಿಗಾಳಿ ಗುದ್ದಿದರೆ ಮುಚ್ಚಳ ತಾನೇ ಹಾರಿ ತೆರೆದುಕೊಳ್ಳಬೇಕು.

ಕೊಲ್ಲುವ ಸಾಮಾನನ್ನು ಮಾಡಿ, ಅದು ಯಜಮಾನನನ್ನೇ ಕೊಲ್ಲದಿರಲೆಂದು ಅದಕ್ಕಿಂತ ದೊಡ್ಡ ಸಾಮಾನು ಮಾಡುವ ಈ ಸಂಭ್ರಮ ನೋಡಿ ನನಗೆ ನಗು ತಡೆಯಲಿಲ್ಲ. ಮಿಸ್ತ್ರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಅಂದ್ರ ನಮ್ಮ ಒಲಿ ಮ್ಯಾಲಿನ ಬೆಳಕಿಂಡಿ ಅನ್ರಿ" ಎಂದರು.

"ಹೌದ್ರಿ. ಮುಚ್ಚಳದ ಬೆಳಕಿಂಡಿ."

"ಮನ್ಯಾಗ ಬಾಣಾ ಇಡದಿದ್ರ ಬೆಳಕಿಂಡಿ ಯಾಕ ಬೇಕಾಗಿತ್ರಿ?"

ಈ ಪ್ರಶ್ನೆಯನ್ನು ಜರಿಪಟ್ಟಿಯ ಅಧಿಕಾರಿಗೆ ಅನುವಾದಿಸಿ ಹೇಳುವ ಧೈರ್ಯ ನನಗಾಗಲಿಲ್ಲ.

ಬಾಗಿಲು

ನಮ್ಮ ಕೆಲಸವೆಲ್ಲ ತಳದ ಕೋಣೆಯಲ್ಲಿ, ಕೊಳವೆಯ ಬುಡದ ಮಡಿಕೆ ಜೋಡಣೆಯಲ್ಲಿ. ಮೇಲಿನ ಅಟ್ಟಕ್ಕೆ ಹೊರಗಿನಿಂದ ಏಣಿ ಇತ್ತು, ಅದನ್ನು ನಾವು ಹತ್ತಿ ನೋಡಿರಲಿಲ್ಲ. ಕೋಣೆಗೆ ಒಂದೇ ಕಬ್ಬಿಣದ ಬಾಗಿಲು, ಅದನ್ನು ಕಾಯಲು ಹ್ಯಾರಿ ಎಂಬ ಒಬ್ಬ ಮುದುಕ. ಒಳಗೆ ಹೋಗುವವನು ಹೆಸರು ಹೇಳಿ "ಒಳಗೆ" ಎನ್ನಬೇಕು, ಬರುವವನು "ಹೊರಗೆ" ಎನ್ನಬೇಕು. ಎಲ್ಲರೂ ಹೊರಬಿದ್ದ ಮೇಲೆ ಹ್ಯಾರಿ ಬಾಗಿಲು ಹಾಕಿ ಕೈ ಎತ್ತುತ್ತಾನೆ. ಆಗ ದೂರದ ಕಾಂಕ್ರೀಟ್ ಕೋಣೆಯಿಂದ ಗುಂಡಿ ಒತ್ತಿ ಬೆಂಕಿ ಕೊಡುತ್ತಾರೆ.

ಆ ದಿನ ಬೆಳಿಗ್ಗೆ ಒಂದು ಸಣ್ಣ ರಾಕೆಟ್ಟನ್ನು ಅಲುಗಾಡದ ಹಾಗೆ ಬಿಗಿದು ಕಟ್ಟಿ ಉರಿಸಿದರು. ಎಲ್ಲ ಸರಿಯಾಯಿತು, ಎಲ್ಲರೂ ಪರಸ್ಪರ ಕೈ ಕುಲುಕಿದರು. ಮಧ್ಯಾಹ್ನ ದೊಡ್ಡದನ್ನು ಉರಿಸುವುದಿತ್ತು. ನಡುವೆ ಕೋಣೆ ಆರಿದ ಮೇಲೆ, ಜೋಡಣೆ ಬಿರುಕು ಬಿಟ್ಟಿದೆಯೇ ನೋಡಲು ನಾವು ಕೆಲವರು ಒಳಗೆ ಹೋದೆವು. ನಾನು ಮೊದಲು ಹೊರಗೆ ಬಂದೆ. ಮಿಸ್ತ್ರಿ ಕೊನೆಗೆ ಉಳಿದರು.

ನೋಡಬೇಕೆಂದವರೆಲ್ಲ ಕಾಂಕ್ರೀಟ್ ಕೋಣೆಗೆ ಸೇರಿದೆವು. ಒಬ್ಬ ಏಣಿಯ ಬುಡದಲ್ಲಿ ನಿಂತು, ಅಟ್ಟದ ಕಡೆ ಮುಖ ಮಾಡಿ "ಮೇಲೆ ಯಾರಾದರೂ ಇದ್ದೀರಾ?" ಎಂದು ಕೂಗಿದ. ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ಯಾರೂ ಇಲ್ಲವೆಂದೇ ಅರ್ಥ, ಏಕೆಂದರೆ ಜಗತ್ತಿನಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ಏಣಿ ಹತ್ತಿ ನೋಡುವ ಶ್ರಮವನ್ನು ಅವನು ತೆಗೆದುಕೊಳ್ಳಲಿಲ್ಲ.

ಆದರೆ ಹ್ಯಾರಿ ಕೈ ಎತ್ತಲಿಲ್ಲ. ಅಧಿಕಾರಿ ಗಡಿಯಾರ ನೋಡಿದ, ಗಂಟಲು ಸರಿಮಾಡಿಕೊಂಡ, ಕೊನೆಗೆ ನನ್ನನ್ನೂ ಕರೆದುಕೊಂಡು ಬಾಗಿಲಿಗೆ ಬಂದ.

"ಇವರ ಜೊತೆಯ ಮುದುಕ ಒಳಗಿದ್ದಾನೆ" ಎಂದ ಹ್ಯಾರಿ. "ನಾನು ಗಾಳಿಗೆ ಬೆನ್ನು ಕೊಟ್ಟು ಪೈಪಿಗೆ ಕಡ್ಡಿ ಗೀರುತ್ತಿದ್ದೆ. ಹಿಂದಿನಿಂದ 'ಬರುತ್ತೇನೆ' ಅಂದ. ನಿಧಾನಕ್ಕೆ ಬಾ ಅಂದೆ. ಇನ್ನೂ ಬಂದಿಲ್ಲ."

"ಅವನು ಆಗಲೇ ಹೋಗಿರಬೇಕು" ಎಂದ ಅಧಿಕಾರಿ.

"ಹೋಗುತ್ತೇನೆ ಅನ್ನಲಿಲ್ಲ ಸ್ವಾಮಿ, ಬರುತ್ತೇನೆ ಅಂದ. ಬರುತ್ತೇನೆ ಅಂದವನು ಬರುವ ತನಕ ನಾನು ಬಾಗಿಲು ಹಾಕುವುದು ಹೇಗೆ?"

ಮಿಸ್ತ್ರಿ ಹೇಳಿದ್ದು ಯಾವ ಭಾಷೆಯ ಬರ್ತೇನಿ? ನಮ್ಮದಾದರೆ ಅವರು ಹೊರಗೆ ಬಂದು ಹೊರಟುಹೋಗಿದ್ದಾರೆ. ಹ್ಯಾರಿಯದಾದರೆ ಒಳಗೇ ಇದ್ದಾರೆ. ಒಳಗಿನ ಕೆಟ್ಟ ಗಾಳಿಗೆ ತಲೆ ತಿರುಗಿ ಬಿದ್ದಿರಬಹುದು. ಕ್ಯಾಂಟೀನಿಗೆ ಓಡಿ ನೋಡಿದೆ, ಪಾಯಖಾನೆಯಲ್ಲಿ ನೋಡಿದೆ, ಸಾಮಾನಿನ ಕೊಟ್ಟಿಗೆಯಲ್ಲಿ ನೋಡಿದೆ. ಎಲ್ಲೂ ಇರಲಿಲ್ಲ.

ಒಬ್ಬ ಫಿಟರ್ ಬಾಗಿಲಲ್ಲಿ ನಿಂತು ಒಳಗೆ ಬ್ಯಾಟರಿ ಬಿಟ್ಟು ನೋಡಿ, ಯಾರೂ ಕಾಣುವುದಿಲ್ಲ ಎಂದ. ಅಧಿಕಾರಿ ನನ್ನ ಕಡೆ ತಿರುಗಿದ. "ನಿಮ್ಮ ಮನುಷ್ಯ ಅವನು. ಒಳಗೋ ಹೊರಗೋ ನೀವೇ ಹೇಳಿ. ನೀವು ಹೊರಗೆ ಅಂದರೆ ಬೆಂಕಿ ಕೊಡುತ್ತೇವೆ."

ಹೊರಗೆ ಎನ್ನುವುದೇ ಹೆಚ್ಚು ಸರಿ ಎಂದು ನನ್ನ ಬುದ್ಧಿ ಹೇಳುತ್ತಿತ್ತು. ಎಲ್ಲರೂ ಚಳಿಯಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆದರೆ ನಿಂಗವ್ವನ ಮುಖ ಕಣ್ಣಮುಂದೆ ಬಂತು. "ನಾನು ಒಳಗೆ ಹೋಗಿ ನೋಡುತ್ತೇನೆ" ಎಂದೆ. ಅಧಿಕಾರಿ ನಾಲಿಗೆಯಿಂದ ಲೊಚ್ಚೆಂದ.

ಕೊಳವೆಯ ಒಳಗೆ

ಆ ಕೋಣೆಯ ನಾತ ಹೇಗಿತ್ತೆಂದರೆ, ದಾಂಡೇಲಿಯಲ್ಲಿ ಕಾಗದಕ್ಕೆಂದು ಕಟ್ಟಿಗೆ ಬೇಯಿಸುವ ನಾತ ಕುಡಿದು ಪಳಗಿದ ನನ್ನ ಮೂಗೇ ಸೋತಿತು. ಬ್ಯಾಟರಿ ಹಿಡಿದು ಮೂಲೆಮೂಲೆ ತಡಕಿದೆ. ಕಾಲಿಗೆ ಏನಾದರೂ ಮೆತ್ತಗೆ ತಾಗಿಬಿಟ್ಟರೆ ಎಂಬ ಹೆದರಿಕೆಯಿಂದ ಹೆಜ್ಜೆ ಎತ್ತಿಡಲು ಆಗುತ್ತಿರಲಿಲ್ಲ. "ಮಿಸ್ತ್ರಿ! ರುದ್ರಪ್ಪ ಮಿಸ್ತ್ರಿ!" ಎಂದು ಕೂಗಿದರೆ ನನ್ನ ದನಿಯೇ ಕಬ್ಬಿಣಕ್ಕೆ ಬಡಿದು ನನಗೇ ಬಂತು.

ಉಳಿದದ್ದು ಕೊಳವೆ. ಅದರ ಗೋಡೆಗೆ ಹತ್ತಲು ಮೆಟ್ಟಿಲಿನಂತೆ ಸರಳುಗಳಿದ್ದವು. ಜೋಡಣೆ ನೋಡುತ್ತ ಮೇಲೇರಿ ಅಲ್ಲೇ ಸಿಕ್ಕಿಕೊಂಡಿದ್ದಾರೋ ಏನೋ ಎಂದು ಹತ್ತಿದೆ. ಮಸಿಯಲ್ಲಿ ಕೈ ಜಾರುತ್ತಿತ್ತು. ಮುಚ್ಚಳ ತಲೆಗೆ ತಾಗುವಷ್ಟು ಮೇಲೆ ಬಂದರೂ ಮಿಸ್ತ್ರಿ ಸಿಗಲಿಲ್ಲ. ನನಗೆ ಅಳು ಬಂತು. ಇಳಿಯಲು ಕಾಲು ಕೆಳಗಿಟ್ಟೆ.

ಟಕ್ ಟಕ್.

ನನ್ನ ನೆತ್ತಿಯ ಮೇಲೆ. ಮತ್ತೆ, ಟಕ್ ಟಕ್.

ಕಿಸೆಯಲ್ಲಿದ್ದ ನಟ್ಟು ಬಿಗಿಯುವ ಪಾನಾ ತೆಗೆದು ಮುಚ್ಚಳಕ್ಕೆ ಬಡಿದೆ. ಮೇಲಿನಿಂದ ಗಾಬರಿಯ ದನಿ ಬಂತು: "ಯಾರ್ರೀ ಅದು, ಕೆಳಗ?"

"ಮಿಸ್ತ್ರಿ! ಎಲ್ಲಿದ್ದೀರಿ?"

"ಇಲ್ಲೇ ಕುಂತೇನ್ರೀ ಸಾಹೇಬ್ರ. ಎಲ್ಲಾ ಕಡೆ ಹಸಿ ಐತಿ, ಇದೊಂದ ತಗಡ ಒಣಗಿತ್ತು. ಒಲಿ ಮುಂದ ಕುಂತಂಗ ಬೆಚ್ಚಗ ಐತ್ರಿ. ನೀವೂ ಬರ್ರಿ."

ಬೆಳಗಿನ ಉರಿಯ ಕಾವು ಮುಚ್ಚಳದಲ್ಲಿ ಇನ್ನೂ ಉಳಿದಿತ್ತು. ಆ ಇಡೀ ಅಟ್ಟಕ್ಕೆ, ಮುಚ್ಚಳಕ್ಕೆ, ಅಂಚಿಗೆ, ಎಲ್ಲದಕ್ಕೂ ಒಂದೇ ಬೂದು ಬಣ್ಣ ಬಳಿದಿಟ್ಟಿದ್ದರು ಪುಣ್ಯಾತ್ಮರು. ಯಾವುದು ನೆಲ, ಯಾವುದು ಬೆಳಕಿಂಡಿಯೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಗಾಳಿಗೆ ಅಡ್ಡವಾಗಿ ಕಟ್ಟಿದ್ದ ತಗಡಿನ ಮರೆಯಲ್ಲಿ ಮಿಸ್ತ್ರಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರಿಂದ ಕಾಂಕ್ರೀಟ್ ಕೋಣೆಯ ಯಾವ ಕಣ್ಣಿಗೂ ಬಿದ್ದಿರಲಿಲ್ಲ.

"ಏಳ್ರಿ! ಮೊದಲ ಏಳ್ರಿ! ನೀವು ಕುಂತಿದ್ದು ಮುಚ್ಚಳದ ಮ್ಯಾಲೆ!"

"ಯಾವ ಮುಚ್ಚಳರೀ?"

"ಬೆಳಕಿಂಡೀದು!"

ಮರುಕ್ಷಣ ಏಣಿಯ ಮೇಲೆ ದಡದಡ ಇಳಿಯುವ ಕಾಲ ಸಪ್ಪಳ ಕೇಳಿತು. ನಾನು ಹೊರಗೆ ಬಂದಾಗ ಮಿಸ್ತ್ರಿ ಹ್ಯಾರಿಯ ಪಕ್ಕದಲ್ಲಿ ನಿಂತಿದ್ದರು. ನನ್ನ ಮಸಿ ಹತ್ತಿದ ಮುಖ ನೋಡಿ ಹ್ಯಾರಿ, "ಹೊರಗೆ?" ಎಂದ. ನಾನು ತಲೆ ಹಾಕಿದೆ.

ಆ ಮೇಲೆ ಬೆಂಕಿ ಕೊಟ್ಟರು. ಕಾಂಕ್ರೀಟ್ ಕೋಣೆಯ ಸೀಳುಗಂಡಿಯಿಂದ ನಾವಿಬ್ಬರೂ ನೋಡಿದೆವು. ಮುಚ್ಚಳ ಹಾರಿ ಬಡಿದ ರಭಸಕ್ಕೆ ಗಾಳಿ ತಡೆಯುವ ತಗಡು ಬಾಗಿಹೋಯಿತು. ಅಲ್ಲಿಂದ ಎದ್ದ ಬೆಂಕಿಯ ಕಂಬ ನಮ್ಮ ಕಾರಖಾನೆಯ ಚಿಮಣಿಗಿಂತ ಎತ್ತರಕ್ಕೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಮಿಸ್ತ್ರಿ ಅಭ್ಯಾಸದಂತೆ ಕಿಸೆಗೆ ಕೈ ಹಾಕಿದರು, ಬರಿಗೈ ತೆಗೆದರು. ಅವಸರದಲ್ಲಿ ಸುಣ್ಣದ ಡಬ್ಬಿ ಅಲ್ಲೇ ಉಳಿದಿತ್ತು. ನೀರಿನ ಅಂಚಿನವರೆಗೂ ಹುಡುಕಿದೆವು. ಹಪ್ಪಳದಷ್ಟು ಚಪ್ಪಟೆಯಾಗಿ, ಕರಿಯಾಗಿ, ಕಲ್ಲುಗಳ ನಡುವೆ ಸಿಕ್ಕಿತು. ಮಿಸ್ತ್ರಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಸಮುದ್ರಕ್ಕೆ ಎಸೆದರು.

"ನಿಂಗಿಗೆ ಇದನ್ನ ಹೇಳಬ್ಯಾಡ್ರಿ" ಎಂದರು.

ಮರುದಿನ ಬಾಗಿಲಿಗೆ ಒಂದು ಹೊಸ ಹಲಗೆ ಬಂದಿತ್ತು. ಹೊರಗೆ ಬರುವವರು "ಹೊರಗೆ" ಎಂಬ ಮಾತಲ್ಲದೆ ಬೇರೆ ಯಾವ ಮಾತನ್ನೂ ಆಡಕೂಡದು ಎಂದು ಬರೆದಿತ್ತು. ಏಣಿ ಹತ್ತಿ ಅಟ್ಟ ನೋಡಿ ಬರಬೇಕೆಂದು ಮಾತ್ರ ಯಾವ ಹಲಗೆಯೂ ಹೇಳಲಿಲ್ಲ. ಹೊಸ ಹಲಗೆಯ ನಿಯಮವನ್ನು ಮಿಸ್ತ್ರಿ ಮೊದಲ ದಿನವೇ ಮುರಿದು "ಆಯ್ ಕಮಿಂಗ್" ಎಂದರು. ಹ್ಯಾರಿ ಕೇಳದವನ ಹಾಗೆ ಪೈಪು ಸೇದುತ್ತಿದ್ದ. ಆ ದೇಶದಲ್ಲಿ ನಾನು ಮನಸಾರೆ ನಮಸ್ಕಾರ ಮಾಡಿದ್ದು ಅವನೊಬ್ಬನಿಗೆ.

ಮತ್ತೆ ದಾಂಡೇಲಿ

ಊರಿಗೆ ಬಂದ ಮೇಲೆ ನಿಂಗವ್ವ ಚಹಾಕ್ಕೆ ಕರೆದಳು. ಒಲೆಯ ಮೇಲಿನ ಬೆಳಕಿಂಡಿಯಿಂದ ಹೊಗೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು, ಯಾರ ಮನಸ್ಸೂ ಕೇಳದೆ. ಗಂಡನ ಕೋಟಿನ ಕಿಸೆಗಳನ್ನು ಮುಟ್ಟಿ ನೋಡಿ, "ನನ್ನ ತವರಮನಿ ಡಬ್ಬಿ ಎಲ್ರಿ?" ಎಂದಳು.

ಮಿಸ್ತ್ರಿ ನನ್ನ ಮುಖ ನೋಡಲಿಲ್ಲ. ಬಸಿಗೆ ಚಹಾ ಸುರಿದುಕೊಂಡು ಹೇಳಿದರು: "ಏನ್ ಹೇಳ್ಲಿ ನಿಂಗಿ. ಆ ಥಂಡಿ ದೇಶದಾಗ ಒಂದ ಬೆಚ್ಚನ ಜಾಗಾ ಸಿಕ್ಕಿತ್ತು, ಆರಾಮ ಕುಂತಿದ್ದೆ. ಈ ಸಾಹೇಬ್ರು ಏಳ್ರಿ ಏಳ್ರಿ ಅಂತ ಗಡಿಬಿಡಿ ಮಾಡಿ ಎಬ್ಬಿಸಿದ್ರು. ಡಬ್ಬಿ ಅಲ್ಲೇ ಉಳೀತು."

ನಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿದ್ದ ತಿರಸ್ಕಾರದ ಮುಂದೆ ಆ ಜರಿಪಟ್ಟಿಯ ಅಧಿಕಾರಿಯದು ಏನೂ ಅಲ್ಲ.

"ಅಲ್ರೀ ಸಾಹೇಬ್ರ, ವಯಸ್ಸಾದ ಮನಶ್ಯಾ, ಇನ್ನೊಂದೀಟು ಕುಂತಿದ್ರ ನಿಮ್ಮ ಗಂಟೇನ ಹೋಗ್ತಿತ್ತು?"

ಮಿಸ್ತ್ರಿ ಬಸಿಯೊಳಗೆ ಮುಖ ಹುದುಗಿಸಿದರು. ನಾನು, "ತಪ್ಪಾತು ನಿಂಗವ್ವ" ಎಂದೆ. ಉಳಿದ ಚಹಾ ಕುಡಿದು, ಎದ್ದು, ಚಪ್ಪಲಿ ಮೆಟ್ಟಿ, ಹೊಸ್ತಿಲ ಹೊರಗೆ ನಿಂತು ಕೈ ಮುಗಿದು, "ಬರ್ತೇನಿ" ಎಂದೆ.